ಕೆತ್ತಿದವನ ಹೆಸರೇನು?

ಫ್ರಾನ್ಸ್ ದೇಶದ ದಕ್ಷಿಣಕ್ಕೆ ಅಲೆಸ್ ಎಂಬ ಪಟ್ಟಣವಿದೆ. 2023ರಲ್ಲಿ ಅಲ್ಲಿಯ ಕೋರ್ಟಿನಲ್ಲಿ ಒಂದು ಮರದ ಮುಖವಾಡದ ಮೇಲೆ ವ್ಯಾಜ್ಯ ನಡೆಯಿತು. ಒಂದು ಕಡೆ ವಯಸ್ಸಾದ ಗಂಡ ಹೆಂಡತಿ. ಮನೆ ಖಾಲಿ ಮಾಡುವಾಗ ಸಿಕ್ಕ ಆ ಮುಖವಾಡವನ್ನು ಅವರು 2021ರಲ್ಲಿ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ 150 ಯೂರೊಗೆ ಮಾರಿದ್ದರು. ನಮ್ಮ ದುಡ್ಡಿನಲ್ಲಿ ಸುಮಾರು 13,000 ರೂಪಾಯಿ. ಇನ್ನೊಂದು ಕಡೆ ಆ ವ್ಯಾಪಾರಿ. ಅವನು ಅದನ್ನು ಹರಾಜಿಗೆ ಹಾಕಿದ. 2022ರ ಮಾರ್ಚ್ ತಿಂಗಳಲ್ಲಿ ಮೊಂಪೆಲಿಯೆ ನಗರದಲ್ಲಿ ಅದೇ ಮುಖವಾಡ 42 ಲಕ್ಷ ಯೂರೊಗೆ ಹೋಯಿತು. ಅಂದರೆ ಸುಮಾರು 35 ಕೋಟಿ ರೂಪಾಯಿ. ನಮಗೆ ಮೋಸವಾಯಿತು, ನಮ್ಮ ಪಾಲು ನಮಗೆ ಬರಬೇಕು ಎಂದು ಗಂಡ ಹೆಂಡತಿ ಕೋರ್ಟಿಗೆ ಹೋದರು.

ಈ ಜಗಳದ ನಡುವೆ ಮೂರನೆಯವರೊಬ್ಬರು ಬಂದು ನಿಂತರು. ಅದು ಗ್ಯಾಬೊನ್ ದೇಶ. ಆಫ್ರಿಕಾದ ಪಡುವಣ ಕರಾವಳಿಯಲ್ಲಿ, ಭೂಮಧ್ಯರೇಖೆಯ ಮೇಲೆಯೇ ಇರುವ ಕಾಡಿನ ನಾಡು. 1960ರವರೆಗೆ ಫ್ರೆಂಚರ ವಸಾಹತು. ನಿಮ್ಮಿಬ್ಬರದೂ ಅಲ್ಲ, ಅದು ನಮ್ಮ ಜನರದು ಅಂತ ಗ್ಯಾಬೊನ್ ಹೇಳಿತು. ಹರಾಜಿನ ದಿನವೇ ಅಲ್ಲಿ ನೆಲೆಸಿದ್ದ ಗ್ಯಾಬೊನ್ ಜನ ಹಾಲಿನೊಳಗೆ ಎದ್ದು ನಿಂತು ಪ್ರತಿಭಟಿಸಿದ್ದರು. 2023ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಗಂಡ ಹೆಂಡತಿಯ ಕೇಳಿಕೆ ವಜಾ. ಗ್ಯಾಬೊನ್‌ನ ಕೇಳಿಕೆಯೂ ವಜಾ.

ನಾವು ಇಲ್ಲಿ ಕೇಳಬೇಕಾದ್ದು ಆ ಕೋರ್ಟಿನಲ್ಲಿ ಯಾರೂ ಕೇಳದ ಪ್ರಶ್ನೆ. 35 ಕೋಟಿ ಬೆಲೆ ಬಾಳುವ ಆ ಮುಖವನ್ನು ಕೆತ್ತಿದವನು ಯಾರು? ಅವನ ಹೆಸರೇನು? ಆ ಮುಖವಾಡ ಅಲ್ಲಿಂದ ಇಲ್ಲಿಗೆ ಬಂದದ್ದು ಹೇಗೆ? ಹರಾಜಿನ ಪುಸ್ತಕದಲ್ಲಿ ಇದಕ್ಕೆ ಅರ್ಧ ಉತ್ತರವಿತ್ತು. 1917ರ ಸುಮಾರಿಗೆ ಒಬ್ಬ ಫ್ರೆಂಚ್ ವಸಾಹತು ಗವರ್ನರ್ ಇದನ್ನು ಪಡೆದ, ಯಾವ ಸಂದರ್ಭದಲ್ಲಿ ಎಂಬುದು ತಿಳಿಯದು ಎಂದು ಅಲ್ಲಿ ಅಚ್ಚಾಗಿತ್ತು. ಗವರ್ನರನ ಹೆಸರು ಉಳಿದಿದೆ. ಅವನಿಂದ ಮುಂದೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ವಂಶಾವಳಿಯೂ ಉಳಿದಿದೆ. ಅವನಿಗಿಂತ ಹಿಂದಿನದೆಲ್ಲ ಬರೀ ಬಿಳಿ ಹಾಳೆ.

ಈ ಮುಖವಾಡ ಫಾಂಗ್ ಎಂಬ ಜನರದು. ಗ್ಯಾಬೊನ್, ಈಕ್ವಟೋರಿಯಲ್ ಗಿನಿ, ಕ್ಯಾಮರೂನಿನ ದಕ್ಷಿಣ ಭಾಗ — ಈ ಮೂರೂ ಕಡೆ ಅವರಿದ್ದಾರೆ. ಅವರಲ್ಲಿ ಎನ್ಗಿಲ್ ಎಂಬ ಒಂದು ಸಂಘವಿತ್ತು. ತಪ್ಪು ಮಾಡಿದವರನ್ನು, ಮಾಟ ಮಾಡಿ ಜನರನ್ನು ಕೊಲ್ಲುತ್ತಾರೆಂಬ ಗುಮಾನಿ ಇದ್ದವರನ್ನು ಹುಡುಕಿ ಹಿಡಿಯುವುದು ಈ ಸಂಘದ ಕೆಲಸ. ರಾತ್ರಿ ಹೊತ್ತು ಪಂಜಿನ ಬೆಳಕಿನಲ್ಲಿ ಉದ್ದನೆಯ ಬಿಳಿ ಮುಖವೊಂದು ಹಳ್ಳಿಗೆ ಬರುತ್ತಿತ್ತು. ಬಿಳಿ ಜೇಡಿ ಬಳಿದ ಆ ಮುಖ ಸತ್ತವರ ಲೋಕದ ಮುಖ. ಬಿಳಿ ಅವರಿಗೆ ಸತ್ತವರ ಬಣ್ಣ. ಅದರ ಮುಂದೆ ಸುಳ್ಳು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಮ್ಮ ಮಾತಿನಲ್ಲಿ ಮುಖವಾಡ ಅಂದರೆ ಸುಳ್ಳು. ಮುಖವಾಡ ಕಳಚಿ ಬಿತ್ತು ಅಂದರೆ ನಿಜ ಹೊರಬಂತು ಅಂತ ಅರ್ಥ. ಅಲ್ಲಿ ಇದು ತಿರುಗುಮುರುಗು. ಮುಖವಾಡ ಹಾಕಿಕೊಂಡಾಗಲೇ ನಿಜ ಹೊರಬರಬೇಕು. ಹಾಕಿಕೊಂಡವನು ಇಂಥವನ ಮಗ ಇಂಥವನು ಅಲ್ಲ, ಊರಿಗೆ ಸೇರಿದ ಒಂದು ಅಧಿಕಾರ. ಬೆಳಗಾದರೆ ಮತ್ತೆ ಅವನು ಅದೇ ಹೊಲಕ್ಕೆ ಹೋಗಬೇಕು.

ಇಂಥ ಅಧಿಕಾರವನ್ನು ಪರದೇಶದ ಸರ್ಕಾರ ಸಹಿಸುತ್ತದೆಯೇ? ಫ್ರೆಂಚರು 1899ರಲ್ಲಿ ಆ ಸೀಮೆಯ ಕಾಡನ್ನು ತುಂಡು ತುಂಡು ಮಾಡಿ ಸುಮಾರು 40 ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ರಬ್ಬರು, ದಂತ, ಮರ — ಎಲ್ಲ ಕಂಪನಿಗಳದು. ತಲೆಗಂದಾಯ ಹಾಕಿದರು. ಕಂದಾಯ ಕಟ್ಟಲು ದುಡ್ಡಿಲ್ಲದವನು ಕಂಪನಿಗೆ ದುಡಿಯಬೇಕು. ಹೀಗೆ ಬಿಟ್ಟಿ ದುಡಿಸುವವರಿಗೆ, ರಾತ್ರಿ ಹೊತ್ತು ಬೇರೆ ಒಂದು ನ್ಯಾಯಸ್ಥಾನ ನಡೆಯುತ್ತಿದೆ ಅಂದರೆ ಆಗುವುದಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಎನ್ಗಿಲ್ ಸಂಘವನ್ನು ಹತ್ತಿಕ್ಕಿದರು. ಪಾದ್ರಿಗಳು ಅದನ್ನು ಸೈತಾನನ ಕೆಲಸ ಅಂದರು, ಅಧಿಕಾರಿಗಳು ಕಾನೂನುಭಂಗ ಅಂದರು. ಹಳ್ಳಿಯಲ್ಲಿ ಮುಖವಾಡ ಇಟ್ಟುಕೊಂಡವನು ಅಪರಾಧಿಯಾದ. ಅದೇ ಮುಖವಾಡ ಪ್ಯಾರಿಸ್‌ನ ಮನೆಯ ಗೋಡೆಯ ಮೇಲೆ ಇಟ್ಟುಕೊಂಡವನು ರಸಿಕನಾದ. ಎರಡೂ ಒಂದೇ ಕಾಲದಲ್ಲಿ ನಡೆದವು ಎಂಬುದನ್ನು ನಾವು ಮರೆಯಬಾರದು. ಇಂಥ ಎನ್ಗಿಲ್ ಮುಖವಾಡಗಳು ಇವತ್ತು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಕಮ್ಮಿ ಇರುವುದಕ್ಕೇ ಬೆಲೆ ಜಾಸ್ತಿ. ಕಮ್ಮಿ ಯಾಕಾಯಿತು ಅಂತ ಕೇಳಿದರೆ ಉತ್ತರ ಮತ್ತೆ ಆ ಸರ್ಕಾರದ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಹೊತ್ತುಕೊಂಡು ಹೋದದ್ದು ಹೇಗೆ ಎಂಬುದಕ್ಕೆ ಕಳ್ಳರ ಗುಂಪಿನೊಳಗಿದ್ದವನೇ ಬರೆದ ಸಾಕ್ಷಿಯಿದೆ. 1931ರಿಂದ 1933ರವರೆಗೆ ಫ್ರೆಂಚ್ ಸರ್ಕಾರದ ಬೆಂಬಲದಿಂದ ಒಂದು ತಂಡ ಆಫ್ರಿಕಾವನ್ನು ಪಡುವಣದ ಡಕಾರಿನಿಂದ ಮೂಡಣದ ಜಿಬೂಟಿಯವರೆಗೆ ಅಡ್ಡ ಹಾಯಿತು. ಮುಂದಾಳು ಮಾರ್ಸೆಲ್ ಗ್ರಿಯೊಲ್ ಎಂಬ ಮಾನವಶಾಸ್ತ್ರಜ್ಞ. ದಾಖಲೆ ಬರೆಯುವವನು ಮಿಶೆಲ್ ಲೆಯ್ರಿಸ್ ಎಂಬ ಕವಿ. ಈ ತಂಡಕ್ಕೆ ದುಡ್ಡು ಕೂಡಿಸಲು ಪ್ಯಾರಿಸ್‌ನಲ್ಲಿ ಕುಸ್ತಿಯಂಥ ಬಾಕ್ಸಿಂಗ್ ಪಂದ್ಯವೊಂದನ್ನು ಇಟ್ಟಿದ್ದರು. ಹೊಡೆದಾಡಿದವನು ಅಲ್ ಬ್ರೌನ್, ಪನಾಮಾ ದೇಶದ ಕಪ್ಪು ಜಟ್ಟಿ, ಆಗ ಜಗತ್ತಿನ ಚಾಂಪಿಯನ್. ಕಪ್ಪು ಮೈಯ ಬೆವರಿನಿಂದ ಬಂದ ದುಡ್ಡು ಕಪ್ಪು ಜನರ ದೇವರನ್ನು ಹೊತ್ತು ತರುವುದಕ್ಕೆ ಬಳಕೆಯಾಯಿತು.

1931ರ ಸೆಪ್ಟೆಂಬರಿನಲ್ಲಿ ಈ ತಂಡ ಇಂದಿನ ಮಾಲಿ ದೇಶದ ಕೆಮೆನಿ ಎಂಬ ಹಳ್ಳಿಗೆ ಬಂತು. ಅಲ್ಲಿ ಕೊನೊ ಎಂಬ ಸಂಘದ ಗುಡಿ. ಮುಖವಾಡ ಕಟ್ಟಿ ಕುಣಿಯುವ ಸಂಘವದು. ಅದರ ಪೂಜೆಯ ವಸ್ತು ಬೇಕು ಅಂದರು. ಹಳ್ಳಿಯವರು ಬಲಿ ಕೊಡದೆ ಗುಡಿಗೆ ಹೋಗುವಂತಿಲ್ಲ ಅಂದರು. ಗ್ರಿಯೊಲ್ 10 ಫ್ರಾಂಕ್ ಬೆಲೆ ಕಟ್ಟಿದ. ಕೊಡದಿದ್ದರೆ ಲಾರಿಯಲ್ಲಿರುವ ಪೊಲೀಸರು ನಿಮ್ಮ ಮುಖಂಡರನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿಸಿದ. ಲಾರಿಯಲ್ಲಿ ಪೊಲೀಸರೇ ಇರಲಿಲ್ಲ! ಹಳ್ಳಿಯವರಲ್ಲಿ ಯಾರೂ ಒಳಗೆ ಹೋಗಲು ಒಪ್ಪದಿದ್ದಾಗ ಈ ಪಂಡಿತರೇ ನುಗ್ಗಿ ಎತ್ತಿಕೊಂಡು ಬಂದರು. ಮಾರನೆಯ ದಿನ ಇನ್ನೊಂದು ಹಳ್ಳಿಯಲ್ಲಿ ಮತ್ತೆ ಅದೇ. ಇದನ್ನೆಲ್ಲ ಲೆಯ್ರಿಸ್ ತನ್ನ ದಿನಚರಿಯಲ್ಲಿ ಬರೆದು 1934ರಲ್ಲಿ ಅಚ್ಚು ಮಾಡಿಸಿದ. ತನ್ನ ಕೈ ಕೊಳೆಯಾದದ್ದನ್ನು ಅವನು ಮುಚ್ಚಿಡಲಿಲ್ಲ. ಗ್ರಿಯೊಲ್ ಅದಕ್ಕೇ ಅವನ ಮೇಲೆ ಮುನಿದ. ತಂಡ ತಂದ ಸುಮಾರು 3,500 ವಸ್ತುಗಳು ಮ್ಯೂಸಿಯಮ್ಮಿನ ಲೆಕ್ಕದ ಪುಸ್ತಕ ಸೇರಿದವು. ಲೆಕ್ಕದ ಪುಸ್ತಕದಲ್ಲಿ 'ಸಂಗ್ರಹ' ಎಂಬ ಮಾತಿದೆ. ಹಳ್ಳಿಯ ಭಾಷೆಯಲ್ಲಿ ಇದಕ್ಕೆ ಏನು ಹೇಳುತ್ತಾರೋ ಅದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದು ಕಲೆಯಾದದ್ದು ಯಾವಾಗ? ಮೊದಮೊದಲು ಯುರೋಪಿನವರಿಗೆ ಇವು ಕಾಡು ಜನರ ವಿಕಾರಗಳು. ಮ್ಯೂಸಿಯಮ್ಮಿನಲ್ಲಿ ಈಟಿ, ಬಿಲ್ಲುಗಳ ಪಕ್ಕ ಧೂಳು ತಿನ್ನುತ್ತಾ ಬಿದ್ದಿದ್ದವು. 1906ರ ಸುಮಾರಿಗೆ ಪ್ಯಾರಿಸ್‌ನ ಚಿತ್ರಕಾರರಾದ ವ್ಲಾಮಿಂಕ್, ದೆರೇನ್, ಮತೀಸ್ ಇವುಗಳ ಕಡೆ ಕಣ್ಣು ಹಾಯಿಸಿದರು. ವ್ಲಾಮಿಂಕನ ಬಳಿ ಇದ್ದ ಒಂದು ಫಾಂಗ್ ಮುಖವಾಡವನ್ನು ದೆರೇನ್ ಕೊಂಡ. 1907ರಲ್ಲಿ ಪಿಕಾಸೊ ಟ್ರೊಕಡೆರೊ ಎಂಬಲ್ಲಿದ್ದ ಮ್ಯೂಸಿಯಮ್ಮಿಗೆ ಹೋಗಿ ಈ ಮುಖಗಳನ್ನು ನೋಡಿದ. ಅದೇ ವರ್ಷ ಅವನು ಬರೆದ, ಐದು ಹೆಂಗಸರ ದೊಡ್ಡ ಚಿತ್ರದಲ್ಲಿ ಇಬ್ಬರ ಮುಖ ಮುಖವಾಡದಂತೆ ಒಡೆದು ನಿಂತಿವೆ. ಹೊಸ ಕಾಲದ ಚಿತ್ರಕಲೆ ಅಲ್ಲಿಂದ ಶುರುವಾಯಿತು ಅಂತ ಪಂಡಿತರು ಬರೆಯುತ್ತಾರೆ. ಪಿಕಾಸೊನ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಮುಖವನ್ನು ಹಾಗೆ ಒಡೆದು ಕಟ್ಟಬಹುದು ಎಂದು ಮೊದಲು ಕಂಡುಕೊಂಡ ಕೈ ಯಾವುದು? ಇಲ್ಲಿ ಪಿಕಾಸೊ ಎಂಬ ಒಬ್ಬ ಮನುಷ್ಯನ ಹೆಸರು. ಅಲ್ಲಿ ಬರೀ 'ಫಾಂಗ್', 'ದಾನ್', 'ಬಾವುಲೆ'. ಇಡೀ ಬುಡಕಟ್ಟಿಗೆ ಒಂದೇ ಕೈ ಇದ್ದಂತೆ!

ಪೊಲ್ ಗಿಯೋಮ್ ಎಂಬವನು ಈ ಮುಖವಾಡಗಳ ದೊಡ್ಡ ವ್ಯಾಪಾರಿಯಾದ. ಮೊದಲು ಅವನು ಕಾರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದನಂತೆ. ಟೈರಿಗೆಂದು ಆಫ್ರಿಕಾದಿಂದ ಬಂದ ರಬ್ಬರಿನ ಜೊತೆ ಒಂದು ಮರದ ವಿಗ್ರಹವೂ ಬಂದಿತ್ತು, ಅದನ್ನು ಅಂಗಡಿ ಕಿಟಕಿಯಲ್ಲಿಟ್ಟದ್ದೇ ಶುರು ಎಂದು ಅವನ ಕಥೆ ಹೇಳುವವರು ಹೇಳುತ್ತಾರೆ. ಕಥೆ ನಿಜವೋ ಕಟ್ಟಿದ್ದೋ, ಅದರ ಒಳಗಿನ ಮಾತು ನಿಜ. ರಬ್ಬರು ಬಂದ ದಾರಿಯಲ್ಲೇ ಮುಖವಾಡವೂ ಬಂತು. ಅವನಿಂದ ಕೊಂಡವರಲ್ಲಿ ಅಮೆರಿಕದ ಔಷಧಿ ಕುಬೇರ ಆಲ್ಬರ್ಟ್ ಬಾರ್ನ್ಸ್ ಒಬ್ಬ. 1925ರಲ್ಲಿ ಅಲೆನ್ ಲಾಕ್ ಎಂಬ ಅಮೆರಿಕದ ಕಪ್ಪು ಚಿಂತಕ ಇವೇ ಕೆತ್ತನೆಗಳನ್ನು ತೋರಿಸಿ, ನಮ್ಮ ಪೂರ್ವಿಕರು ಬರಿಗೈಯಲ್ಲಿರಲಿಲ್ಲ ನೋಡಿ ಎಂದು ತನ್ನ ಜನಕ್ಕೆ ಬರೆದ. ಒಂದೇ ವಸ್ತು ಒಬ್ಬನಿಗೆ ಆಸ್ತಿ, ಇನ್ನೊಬ್ಬನಿಗೆ ಸ್ವಾಭಿಮಾನ.

ಈಗ ಸಂಗ್ರಾಹಕನ ರುಚಿಯನ್ನು ಸ್ವಲ್ಪ ನೋಡೋಣ. ಅವನಿಗೆ ಹೊಸ ಮುಖವಾಡ ಬೇಡ. ಕುಣಿದ ಮುಖವಾಡ ಬೇಕು. ಅದಕ್ಕೇ ಅವನು ಮುಂಭಾಗಕ್ಕಿಂತ ಮೊದಲು ಒಳಭಾಗ ನೋಡುತ್ತಾನೆ. ಹಣೆ ತಾಗಿ ನುಣುಪಾದ ಜಾಗ ಇದೆಯೇ? ಬೆವರು ಕುಡಿದು ಮರ ಕಪ್ಪಾಗಿದೆಯೇ? ಹಗ್ಗ ಕಟ್ಟಿದ ತೂತುಗಳ ಅಂಚು ಸವೆದಿದೆಯೇ? ಗುಡಿಸಲಿನ ಹೊಗೆ ಹಿಡಿದಿದೆಯೇ? ಇದೆಲ್ಲ ಇದ್ದರೆ ಬೆಲೆ ಏರುತ್ತದೆ. ಬೆವರಿಗೆ ಕೋಟಿ. ಬೆವರು ಸುರಿಸಿದವನಿಗೆ ಏನೂ ಇಲ್ಲ. ಇಷ್ಟು ನಿಚ್ಚಳವಾಗಿ ಈ ವ್ಯವಸ್ಥೆಯನ್ನು ತೋರಿಸುವ ಬೇರೆ ಉದಾಹರಣೆ ನಮಗೆ ಗೊತ್ತಿಲ್ಲ.

ಅವನಿಗೆ ಬೇಕಾದ್ದು ಮುಖ ಮಾತ್ರ. ಅದರ ಜೊತೆ ಇದ್ದ ನಾರಿನ ಉಡುಪು, ಕಾಲಿನ ಗೆಜ್ಜೆ, ಡೋಲು, ಹಾಡು, ಸುತ್ತ ನಿಂತ ಜನ — ಇವು ಯಾವುವೂ ಗಾಜಿನ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಕುಣಿಯುವಾಗ ಅದನ್ನು ನೋಡಿದವನಿಗೆ ಮುಖ ಎಷ್ಟು ಕಾಣುತ್ತಿತ್ತೋ ಧೂಳೂ ಅಷ್ಟೇ ಕಾಣುತ್ತಿತ್ತು. ಮಾಲಿಯ ದೊಗೊನ್ ಜನ ಸತ್ತವರನ್ನು ಕಳಿಸಿಕೊಡುವ ದಾಮಾ ಎಂಬ ಕುಣಿತಕ್ಕೆ ಮುಖವಾಡ ಕೆತ್ತಿ, ಕೆಲಸ ಮುಗಿದ ಮೇಲೆ ಬಂಡೆಯ ಪೊಟರೆಯಲ್ಲಿ ಬಿಟ್ಟುಬಿಡುತ್ತಿದ್ದರು. ಗೆದ್ದಲು ತಿನ್ನಲಿ, ಮಳೆ ತೊಳೆಯಲಿ. ಮತ್ತೆ ಬೇಕಾದಾಗ ಕೆತ್ತಿದರಾಯಿತು. ಅವರಿಗೆ ಉಳಿಯಬೇಕಾದ್ದು ಕೆತ್ತುವ ವಿದ್ಯೆ, ಮರದ ತುಂಡಲ್ಲ. ಸಂಗ್ರಾಹಕನಿಗೆ ಮರದ ತುಂಡೇ ಎಲ್ಲ.

ಆ ರುಚಿಗೆ ತಕ್ಕ ಪೇಟೆಯೂ ಎದ್ದಿತು. ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ ಹೊಸದಾಗಿ ಕೆತ್ತಿದ ಮುಖವಾಡವನ್ನು ಹೊಗೆ ಹಾಕಿ, ಮಣ್ಣಲ್ಲಿ ಹೂತು, ಹಳೆಯದು ಮಾಡಿ ಮಾರುತ್ತಾರೆ. ಅಲ್ಲಿಯ ಸೆನುಫೊ ಸೀಮೆಯಲ್ಲಿ ಕುಲೆಬೆಲೆ ಎಂಬ ಕೆತ್ತನೆಗಾರರ ಕುಲವೊಂದಿದೆ. 1950ರ ನಂತರ ಅವರಲ್ಲಿ ಬಹಳ ಜನ ಪ್ರವಾಸಿಗಳಿಗಾಗಿಯೇ ಕೆತ್ತಿ ಹೊಟ್ಟೆ ಹೊರೆದರು. ಇದನ್ನು ಮೋಸ ಅಂತ ಸಂಗ್ರಾಹಕರು ಬೈಯುತ್ತಾರೆ. 10 ಫ್ರಾಂಕ್ ಕೊಟ್ಟು ಗುಡಿಗೆ ನುಗ್ಗಿದ್ದು ವಿದ್ವತ್ತು, ಹಸಿದವನು ಹೊಸ ಮರಕ್ಕೆ ಮಸಿ ಬಳಿದದ್ದು ಮೋಸ! ಇದ್ಯಾವ ನ್ಯಾಯ ಸ್ವಾಮಿ?

ಈಗ ಕೆತ್ತಿದವನ ಕಡೆ ತಿರುಗೋಣ. ನಮ್ಮ ಓದುಗರು ಇಲ್ಲಿ ಕಿವಿಗೊಟ್ಟು ಕೇಳಬೇಕು. ಮಾಲಿಯ ಬಮನ ಜನರಲ್ಲಿ ಮುಖವಾಡ ಕೆತ್ತುವ ಕೆಲಸ ಹಿಂದಿನಿಂದಲೂ ಕಮ್ಮಾರರದು. ಅವರಿಗೆ ನುಮು ಎನ್ನುತ್ತಾರೆ. ಗಂಡಸರು ಕುಲುಮೆ ಊದಿ ಗುದ್ದಲಿ ಮಾಡುತ್ತಾರೆ, ಬಾಚಿ ಹಿಡಿದು ಮರ ಕೆತ್ತುತ್ತಾರೆ. ಹೆಂಗಸರು ಮಡಕೆ ಮಾಡುತ್ತಾರೆ. ಕಸುಬು ಹುಟ್ಟಿನಿಂದ ಬರುತ್ತದೆ. ಮದುವೆ ಅವರವರಲ್ಲೇ. ಬೇಸಾಯದ ಕುಲದವರು ಅವರಿಗೆ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದೂ ಇಲ್ಲ. ದೊಗೊನ್ ಜನರಲ್ಲೂ ಕಮ್ಮಾರರು ಹೀಗೆಯೇ ಬೇರೆ. ಇದನ್ನು ನಮ್ಮ ಅಸ್ಪೃಶ್ಯತೆಗೆ ಸರಿಗಟ್ಟಿ ನೋಡಿದರೆ ತಪ್ಪಾಗುತ್ತದೆ. ನುಮು ಕುಲದವನ ಕೈಯಲ್ಲಿ ಬೆಂಕಿ ಮತ್ತು ಕಬ್ಬಿಣ ಪಳಗಿಸುವ ಶಕ್ತಿಯಿದೆ ಎಂದು ಜನ ಹೆದರುತ್ತಿದ್ದರು, ಕೋಮೊ ಎಂಬ ಪ್ರಬಲ ಸಂಘದ ಮುಂದಾಳುತನವೂ ಅವನದೇ. ಅದು ಭಯ, ಗೌರವ ಎರಡೂ ಬೆರೆತ ದೂರ. ಆದರೂ ದೂರ ದೂರವೇ. ಕೆಲಸ ಬೇಕು, ಸಂಬಂಧ ಬೇಡ ಎಂಬ ಮಾತು ನಮಗೆ ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ.

ಹೆಸರು ಸಿಗುವುದಿಲ್ಲ, ಅವರು ಹೆಸರಿಲ್ಲದೆ ಕೆಲಸ ಮಾಡಿದವರು ಅಂತ ಕಲಾಪಂಡಿತರು ಬಹಳ ದಿನ ಹೇಳಿಕೊಂಡು ಬಂದರು. ಇದು ಸುಳ್ಳು. ಕೇಳಿದವರಿಗೆ ಹೆಸರು ಸಿಕ್ಕಿದೆ. 1930ರ ದಶಕದಲ್ಲಿ ಹಾನ್ಸ್ ಹಿಮ್ಮೆಲ್‌ಹೇಬರ್ ಎಂಬ ಜರ್ಮನ್ ಸಂಶೋಧಕ ಐವರಿ ಕೋಸ್ಟಿನ ಹಳ್ಳಿಗಳಲ್ಲಿ ತಿರುಗಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ. ಜನ ಹೆಸರು ಹೇಳಿದರು. ಯಾರ ಕೈ ಚೆಂದ, ಯಾರದು ಒರಟು ಎಂದೂ ಹೇಳಿದರು. ಅದೇ ದೇಶದ ಬಾವುಲೆ ಜನರಲ್ಲಿ ಊರಿನ ಮೆಚ್ಚಿನ ಹೆಂಗಸಿನ ಮುಖವನ್ನೇ ಮುಖವಾಡವಾಗಿ ಕೆತ್ತುವ ಪದ್ಧತಿಯಿದೆ. 20ನೇ ಶತಮಾನದ ಮೊದಲ ಭಾಗದಲ್ಲಿ ಓವಿಯೆ ಕಿಮೂ ಎಂಬವನು ಮೋಯಾ ಯಾನ್ಸೊ ಎಂಬ ಹೆಂಗಸಿನ ಮುಖ ಕೆತ್ತಿದ. 1970ರ ದಶಕದ ಆರಂಭದಲ್ಲಿ ಸುಸಾನ್ ವೋಗೆಲ್ ಎಂಬ ಅಮೆರಿಕದ ವಿದ್ವಾಂಸೆ ಆ ಹಳ್ಳಿಗೆ ಹೋದಾಗ ಮೋಯಾ ಯಾನ್ಸೊ ಮುದುಕಿಯಾಗಿ ಬದುಕಿದ್ದಳು. ತನ್ನದೇ ಹರೆಯದ ಮುಖವಾಡದ ಜೊತೆ ಕುಣಿದಳು. ಕೆತ್ತಿದವನಿಗೂ ಹೆಸರಿತ್ತು, ಕೆತ್ತಿಸಿಕೊಂಡವಳಿಗೂ ಹೆಸರಿತ್ತು. ಕೇಳುವ ಬಾಯಿ ಇರಲಿಲ್ಲ ಅಷ್ಟೇ.

ಹಾಗೆಂದು ನಾವು ಆ ಹಳೆಯ ಸಂಘಗಳನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕೇ? ಬೇಡ. ನಮ್ಮ ಊರಿನ ಕಟ್ಟುಪಾಡುಗಳನ್ನು ಕಿತ್ತೊಗೆಯಿರಿ ಎನ್ನುವ ನಾವು ಬೇರೆ ಊರಿನ ಕಟ್ಟುಪಾಡಿಗೆ ಆರತಿ ಎತ್ತಲಾಗದು. ಎನ್ಗಿಲ್ ಮುಖ ಬಂದಾಗ ಹೆಂಗಸರು, ಮಕ್ಕಳು ಓಡಿ ಒಳಗೆ ಸೇರಬೇಕಿತ್ತು. ಮಾಟಗಾರ ಎಂಬ ಆರೋಪ ಹೊತ್ತವನಿಗೆ ವಕೀಲನಿರಲಿಲ್ಲ. ನೈಜೀರಿಯಾದ ಚಿನುವ ಅಚೆಬೆ 1958ರ ತನ್ನ ಮೊದಲ ಕಾದಂಬರಿಯಲ್ಲಿ ಇಗ್ಬೊ ಜನರ ಮುಖವಾಡ ತೊಟ್ಟ ಹಿರಿಯರು ನ್ಯಾಯ ಹೇಳುವುದನ್ನು ಗೌರವದಿಂದಲೇ ಬರೆದ. ಅದೇ ಪುಸ್ತಕದಲ್ಲಿ ಓಸು ಎಂಬ ಬಹಿಷ್ಕೃತರ ಬಗ್ಗೆಯೂ ಬರೆದ. ಅವರಿಗೆ ಊರ ಸಭೆಯಲ್ಲಿ ಜಾಗವಿಲ್ಲ, ಹೊರಗಿನವರೊಡನೆ ಮದುವೆಯಿಲ್ಲ. ಪಾದ್ರಿಗಳು ಬಂದಾಗ ಇಗರ್ಜಿಯ ಕಡೆ ನಡೆದವರಲ್ಲಿ ಅವರೂ ಇದ್ದರು. ಯಾಕೆ ನಡೆದರು ಎಂದು ನಮ್ಮ ಓದುಗರು ಕೇಳಲಾರರು. ಓಸು ಪದ್ಧತಿಯನ್ನು ರದ್ದು ಮಾಡುವ ಕಾನೂನು 1956ರಲ್ಲಿ ಪೂರ್ವ ನೈಜೀರಿಯಾದಲ್ಲಿ ಬಂತು. ಕಾನೂನು ಬಂದ ಮಾತ್ರಕ್ಕೆ ಮನಸ್ಸಿನಿಂದ ಹೋಗಲಿಲ್ಲ.

ಸಿಯೆರಾ ಲಿಯೋನಿನ ಮೆಂಡೆ ಜನರಲ್ಲಿ ಸಾಂಡೆ ಎಂಬ ಹೆಂಗಸರ ಸಂಘವಿದೆ. ಅಲ್ಲಿ ಕಪ್ಪಗೆ ಮಿರುಗುವ ಮರದ ಮುಖವಾಡವನ್ನು ಹೆಂಗಸರೇ ತೊಟ್ಟು ಕುಣಿಯುತ್ತಾರೆ. ಆಫ್ರಿಕಾದಲ್ಲಿ ಇದು ಅಪರೂಪ. ಆದರೆ ಅದೇ ಸಂಘದ ದೀಕ್ಷೆಯಲ್ಲಿ ಹುಡುಗಿಯರ ಅಂಗ ಕೊಯ್ಯುವ ಪದ್ಧತಿಯೂ ಸೇರಿಕೊಂಡಿದೆ. ಅದನ್ನು ನಿಲ್ಲಿಸಬೇಕೆಂದು ಅಲ್ಲಿಯ ಹೆಂಗಸರೇ ಹೋರಾಡುತ್ತಿದ್ದಾರೆ. ಗಿನಿ ದೇಶ 1958ರಲ್ಲಿ ಸ್ವತಂತ್ರವಾದ ಮೇಲೆ ಸೆಕು ತೂರೆಯ ಸರ್ಕಾರ ಮೌಢ್ಯ ನಿರ್ಮೂಲನೆ ಅಂತ ಹೇಳಿ ಮುಖವಾಡಗಳನ್ನು ಬಯಲಿಗೆಳೆದು ಸುಟ್ಟಿತು. ಸೆನುಫೊ ಸೀಮೆಯಲ್ಲಿ 1950ರ ಸುಮಾರಿಗೆ ಮಸ್ಸಾ ಎಂಬ ಹೊಸ ಪಂಥ ಎದ್ದು ಜನರೇ ತಮ್ಮ ಹಳೆಯ ಕೆತ್ತನೆಗಳನ್ನು ಹೊರಗೆಸೆದರು. ಹಾಗೆ ಎಸೆದದ್ದನ್ನು ಪಾದ್ರಿಯೊಬ್ಬ ಆರಿಸಿಟ್ಟುಕೊಂಡ, ಮುಂದೆ ಅವು ಯುರೋಪಿನ ಮ್ಯೂಸಿಯಮ್ಮು ಸೇರಿದವು. ನಮ್ಮ ಮಾತು ಇಷ್ಟೇ. ಮುಖವಾಡವನ್ನು ಇಟ್ಟುಕೊಳ್ಳಬೇಕೋ, ಸುಡಬೇಕೋ, ಹೊಸದಾಗಿ ಕೆತ್ತಬೇಕೋ ಎಂಬ ಜಗಳ ಆ ಜನರದು. ಜಗಳ ಆಡುವ ಹಕ್ಕೂ ಅವರದು. ಹೊತ್ತುಕೊಂಡು ಹೋದವನು ವಸ್ತುವನ್ನು ಮಾತ್ರ ಒಯ್ಯಲಿಲ್ಲ, ಈ ಹಕ್ಕನ್ನೂ ಒಯ್ದ.

2018ರಲ್ಲಿ ಫ್ರೆಂಚ್ ಸರ್ಕಾರವೇ ಕೇಳಿದ ವರದಿಯೊಂದನ್ನು ಸೆನೆಗಲ್‌ನ ಫೆಲ್ವಿನ್ ಸಾರ್ ಮತ್ತು ಫ್ರಾನ್ಸಿನ ಬೆನೆಡಿಕ್ಟ್ ಸವ್ವಾ ಬರೆದುಕೊಟ್ಟರು. ಫ್ರಾನ್ಸಿನ ಸಾರ್ವಜನಿಕ ಮ್ಯೂಸಿಯಮ್ಮುಗಳಲ್ಲಿ ಸಹಾರಾದ ಕೆಳಗಿನ ಆಫ್ರಿಕಾದ ಸುಮಾರು 90,000 ವಸ್ತುಗಳಿವೆ, ಅದರಲ್ಲಿ ಹತ್ತಿರಹತ್ತಿರ 70,000 ಪ್ಯಾರಿಸ್‌ನ ಕೆ ಬ್ರಾನ್ಲಿ ಒಂದರಲ್ಲೇ ಇವೆ ಎಂದು ಲೆಕ್ಕ ಕೊಟ್ಟರು. ಒಪ್ಪಿಗೆಯಿಲ್ಲದೆ ತಂದದ್ದನ್ನು ವಾಪಸ್ ಕೊಡಿ ಎಂದರು. 2021ರ ನವೆಂಬರಿನಲ್ಲಿ ಬೆನಿನ್ ದೇಶಕ್ಕೆ ಹಿಂತಿರುಗಿದ್ದು 26. ತೊಂಬತ್ತು ಸಾವಿರದಲ್ಲಿ ಇಪ್ಪತ್ತಾರು! ಟಾಂಜಾನಿಯಾದ ರಾಷ್ಟ್ರೀಯ ಮ್ಯೂಸಿಯಮ್ಮಿನಿಂದ 1980ರ ದಶಕದಲ್ಲಿ ಕಳುವಾದ ಮಕೊಂಡೆ ಜನರ ಮುಖವಾಡವೊಂದು ಜಿನೀವಾದ ಖಾಸಗಿ ಮ್ಯೂಸಿಯಮ್ಮೊಂದರಲ್ಲಿ ಕಾಣಿಸಿಕೊಂಡಿತು. ಅದು ಊರಿಗೆ ಮರಳಿದ್ದು 2010ರಲ್ಲಿ. ಅದೂ ಕಾಗದದ ಮೇಲೆ ದಾನವಾಗಿ. ಕಳವಿನ ಮಾಲು ಒಡೆಯನಿಗೇ ದಾನ!

ಕರ್ನಾಟಕದ ಹಳ್ಳಿಯ ಮೇಷ್ಟರಿಗೆ, ಹಾಸ್ಟೆಲಿನ ಹುಡುಗರಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಸಂಘಟನೆ ಕಟ್ಟಿದಾಗ ಪ್ಯಾಂಥರ್ ಎಂಬ ಹೆಸರನ್ನು ಅಮೆರಿಕದ ಕಪ್ಪು ಹೋರಾಟಗಾರರಿಂದ ತೆಗೆದುಕೊಂಡರು. ಅವರ ಸಿಟ್ಟಿನಿಂದ ನಾವು ಕಲಿತಿದ್ದೇವೆ. ಅವರ ಅಜ್ಜಂದಿರ ಕೈಕೆಲಸದ ಚರಿತ್ರೆಯಿಂದಲೂ ಕಲಿಯಬೇಕಾದ್ದಿದೆ. ಕೆಲಸವನ್ನು ಮೆಚ್ಚಿ ಕೆಲಸಗಾರನನ್ನು ಅಳಿಸಿಹಾಕುವುದು ಹೇಗೆ, ಮೊದಲು ಅಪರಾಧವೆಂದು ಕಿತ್ತುಕೊಂಡು ಆಮೇಲೆ ಕಲೆಯೆಂದು ಬೆಲೆ ಕಟ್ಟುವುದು ಹೇಗೆ ಎಂಬುದು ಅಲ್ಲಿ ತೇದಿ ಸಮೇತ, ರೊಕ್ಕದ ಲೆಕ್ಕ ಸಮೇತ ದಾಖಲಾಗಿದೆ.

ಶಾಲೆಯ ಪುಸ್ತಕದಲ್ಲೋ ಪತ್ರಿಕೆಯಲ್ಲೋ ಒಂದು ಆಫ್ರಿಕನ್ ಮುಖವಾಡದ ಚಿತ್ರ ಕಂಡರೆ ಮೇಷ್ಟರು ಮಕ್ಕಳಿಗೆ ಅದು ಎಷ್ಟು ಸುಂದರ ಎಂದು ಹೇಳಲಿ. ಅದು ಸುಂದರವಾಗಿಯೇ ಇದೆ. ಆಮೇಲೆ ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿಸಲಿ. ಯಾರ ಸಂಗ್ರಹದ್ದು ಎಂದು ಬರೆದಿರುತ್ತದೆ. ಯಾರು ಕೆತ್ತಿದ್ದು ಎಂದು ಬರೆದಿದೆಯೇ ಎಂದು ಕೇಳಲಿ. ಇಲ್ಲ ಸಾರ್ ಅಂತ ಮಕ್ಕಳು ಹೇಳುತ್ತಾರೆ. ಪಾಠ ಅಲ್ಲಿಂದ ಶುರುವಾಗಲಿ.